ಮಳೆ ನಿಂತ ಮೇಲೆ ಬಾರ್ಟನ್ ಕ್ರೀಕ್‌ನಲ್ಲಿ ಕಯಾಕ್: ನನ್ನ ಅನುಭವ

ಟೆಕ್ಸಸ್‌ನ ಆಸ್ಟಿನ್ ಊರೊಳಗೇ ಹರಿಯುವ ಹಳ್ಳ ಬಾರ್ಟನ್ ಕ್ರೀಕ್. ಹರಿಯುವ ಅಂದೆ, ಆದರೆ ಅದರ ಕೆಳಭಾಗ ಎಷ್ಟೋ ತಿಂಗಳು ಬರೀ ಬಿಳಿ ಕಲ್ಲು. ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋದರೆ "ನೀರೆಲ್ಲಪ್ಪ?" ಅಂತಾರೆ. ತಳದಲ್ಲಿರುವುದು ಬಿರುಕುಬಿಟ್ಟ ಸುಣ್ಣಕಲ್ಲು. ಬಂದ ನೀರೆಲ್ಲ ಅದರೊಳಗೆ ಇಳಿದು ಎಡ್ವರ್ಡ್ಸ್ ಎಂಬ ಅಂತರ್ಜಲ ಪದರಕ್ಕೆ ಸೇರಿ, ಕೆಳಗೆ ಬಾರ್ಟನ್ ಸ್ಪ್ರಿಂಗ್ಸ್‌ನಲ್ಲಿ ಬುಗ್ಗೆಯಾಗಿ ಏಳುತ್ತದೆ. ಜೋರು ಮಳೆ ಬಿದ್ದು ಬಿರುಕುಗಳಿಗೆ ಕುಡಿಯಲಾಗದಷ್ಟು ನೀರು ಬಂದಾಗ ಮಾತ್ರ ನಮ್ಮ ಕಯಾಕ್ ಎಂಬ ಕಿರುದೋಣಿಗೆ ಕೆಲಸ.

ಒಣಗಿರುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ. ತುಂಬು ಹೊಳೆಯ ತಳ ಯಾರಿಗೆ ಕಾಣುತ್ತದೆ? ಇಲ್ಲಿ ನೀರಿಲ್ಲದ ದಿನ ಹಳ್ಳದೊಳಗೇ ನಡೆದು ನೋಡಬಹುದು. ಸ್ಕಲ್ಪ್ಚರ್ ಫಾಲ್ಸ್‌ನಿಂದ ಟ್ವಿನ್ ಫಾಲ್ಸ್ ದಾಟಿ ಗಸ್ ಫ್ರೂ ಎಂಬ ಜಾಗದ ಕಡೆಗೆ ನಡೆಯುತ್ತಾ ಎರಡು ವಿಷಯ ಗಮನಿಸುತ್ತೇನೆ. ಬುಡದಲ್ಲಿ ನೀರು ಕೊರೆದು ಪೊಟರೆಯಾದ ಬಂಡೆಗಳು ಎಲ್ಲಿವೆ? ಅಡ್ಡ ಬಿದ್ದ ಮರಗಳು ಎಲ್ಲಿವೆ? ಬಂಡೆ ಇದ್ದಲ್ಲೇ ಇರುತ್ತದೆ. ಮರ ಹಾಗಲ್ಲ, ಪ್ರತಿ ದೊಡ್ಡ ಮಳೆಗೂ ಜಾಗ ಬದಲಿಸುತ್ತದೆ. ಅದಕ್ಕೇ ಹಳೆಯ ನಡಿಗೆಯ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ತಿರುವಿನಾಚೆ ಕಾಣದಿದ್ದರೆ ದಡಕ್ಕೆ ಬಂದು, ಇಳಿದು, ನೋಡಿ ಮುಂದೆ ಹೋಗುತ್ತೇನೆ. ಅವಸರದ ಜೊತೆಗಾರರಿಗೆ ಇದು ಬೇಜಾರು. ಇರಲಿ.

ಮಳೆ ಶುರುವಾದರೆ ಕಣ್ಣು ಅಮೆರಿಕದ ಭೂವಿಜ್ಞಾನ ಇಲಾಖೆಯ ಮಾಪಕಗಳ ಮೇಲೆ. ಹರಿವಿನ ಲೆಕ್ಕ ಫೋನ್‌ನಲ್ಲೇ ಸಿಗುತ್ತದೆ. ಕೆಆರ್‌ಎಸ್ ಒಳಹರಿವನ್ನು ಪೇಪರ್‌ನಲ್ಲಿ ಓದಿ ಬೆಳೆದ ನಮಗೆ ಕ್ಯೂಸೆಕ್ ಹೊಸದಲ್ಲ, ಅಲ್ವಾ? ಅಲ್ಲಿ ಸಾವಿರಗಳ ಮಾತು, ಇಲ್ಲಿ ನೂರುಗಳದ್ದು. ಲೂಪ್ 360 ರಸ್ತೆಯ ಸೇತುವೆಯ ಮಾಪಕದಲ್ಲಿ 300ರಿಂದ 600 ಕ್ಯೂಸೆಕ್ ಇದ್ದರೆ ನನಗೆ ಹಿತ. 150ಕ್ಕಿಂತ ಕೆಳಗೆ ಕಯಾಕ್‌ನ ಹೊಟ್ಟೆ ಕಲ್ಲಿಗೆ ಉಜ್ಜುತ್ತದೆ. ಸಾವಿರ ದಾಟಿದರೆ ಮನೆಯಲ್ಲೇ ಕಾಫಿ. ಇದು ನನ್ನ ಕೈಯಳತೆ, ಎಲ್ಲರಿಗೂ ಹೊಂದಬೇಕಿಲ್ಲ.

ಅಂಕಿಗಿಂತ ಹರಿವಿನ ಗ್ರಾಫ್‌ನ ಗೆರೆ ಮುಖ್ಯ. ಏರುತ್ತಿದೆಯೋ, ಇಳಿಯುತ್ತಿದೆಯೋ? ಏರುವ 400ಕ್ಕೂ ಇಳಿಯುವ 400ಕ್ಕೂ ಅಜಗಜಾಂತರ. ಇಲ್ಲಿ ಕಲ್ಲಿನ ಮೇಲೆ ಮಣ್ಣು ತೆಳು, ಮೇಲೆ ರಸ್ತೆ, ಪಾರ್ಕಿಂಗ್, ತಾರಸಿ. ಮಳೆ ಇಂಗುವುದು ಕಡಿಮೆ, ನೇರ ಹಳ್ಳಕ್ಕೆ ಓಡುವುದೇ ಜಾಸ್ತಿ. ಹಾಗಾಗಿ ನೀರು ಗಕ್ಕನೆ ಏರಿ, ನಿಧಾನಕ್ಕೆ ಇಳಿಯುತ್ತದೆ. 1981ರ ಮೇ ತಿಂಗಳ ಪ್ರವಾಹದಲ್ಲಿ ಆಸ್ಟಿನ್‌ನಲ್ಲಿ 13 ಜನ ಸತ್ತರು. ಅವತ್ತು ಹೆಚ್ಚು ಹಾನಿ ಮಾಡಿದ್ದು ಶೋಲ್ ಕ್ರೀಕ್ ಎಂಬ ಇನ್ನೊಂದು ಸಣ್ಣ ಹಳ್ಳ. ಮೇಲ್ಗಡೆ ಹೆದ್ದಾರಿ 71ರ ಹತ್ತಿರವೂ ಒಂದು ಮಾಪಕವಿದೆ. ಅಲ್ಲಿನ ಗೆರೆಯೂ ಕೆಳಮುಖ ಆಗುವವರೆಗೆ ನಾನು ಕಾರಿಗೆ ಕಯಾಕ್ ಕಟ್ಟುವುದಿಲ್ಲ. ದಾಂಡೇಲಿಯಲ್ಲಾದರೆ ಸೂಪಾ ಅಣೆಕಟ್ಟೆಯಿಂದ ಬಿಟ್ಟ ನೀರನ್ನು ನಂಬಿ ಕಾಳಿಗೆ ರಾಫ್ಟ್ ಇಳಿಸುತ್ತಾರೆ. ಇಲ್ಲಿ ಮೋಡವೇ ಗೇಟು. ನಗರಾಡಳಿತ ಹಳ್ಳಕ್ಕೆ ಇಳಿಯಬೇಡಿ ಅಂದ ದಿನ ಚರ್ಚೆಯೇ ಇಲ್ಲ.

ನಾನು ಒಯ್ಯುವುದು ಇಷ್ಟು: ಕಲ್ಲಿಗೆ ತಾಗಿದರೂ ತಾಳುವ ಗಿಡ್ಡ ಪ್ಲಾಸ್ಟಿಕ್ ಕಯಾಕ್, ಹೆಲ್ಮೆಟ್, ಲೈಫ್ ಜಾಕೆಟ್, ಸೀಟಿ, ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗ. ಜೊತೆಗೆ ಕನಿಷ್ಠ ಇಬ್ಬರು. ಗಾಳಿ ತುಂಬಿದ ಟ್ಯೂಬ್ ಹಿಡಿದು ಬರುವ ಹುಡುಗರನ್ನು ಕಂಡರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ನನಗೆ ಅಲೆಗಿಂತ ಮರದ ಭಯ ಜಾಸ್ತಿ. ಕೊಂಬೆಗಳ ಸಂದಿಯಲ್ಲಿ ನೀರು ಸಲೀಸಾಗಿ ದಾಟುತ್ತದೆ, ಮನುಷ್ಯ ಅಲ್ಲೇ ಒತ್ತಿಕೊಂಡು ನಿಲ್ಲುತ್ತಾನೆ. ಮಳೆ ನೀರು ದಡದ ಗಿಡಗಳೊಳಕ್ಕೂ ನುಗ್ಗಿರುತ್ತದಲ್ಲ, ಹಾಗಾಗಿ ತಿರುವಿನ ಹೊರಬದಿಗೆ ಸೆಳವು ಎಳೆಯುವ ಮೊದಲೇ ಒಳಬದಿಗೆ ಹುಟ್ಟು ಹಾಕುತ್ತೇನೆ. ದೊಡ್ಡ ಬಂಡೆಗಳ ಹಿಂದೆ ನೀರು ಸ್ವಲ್ಪ ಸಮಾಧಾನವಾಗಿರುತ್ತದೆ. ಅಲ್ಲಿ ನುಸುಳಿ, ಉಸಿರು ಬಿಟ್ಟು, ಮುಂದಿನ ಬಂಡೆ ಆರಿಸಿಕೊಳ್ಳುವುದು. ಮಗುಚಿ ಹೊರಬಿದ್ದರೆ ಸೆಳವಿನಲ್ಲಿ ಎದ್ದು ನಿಲ್ಲಬಾರದು. ಮೊಣಕಾಲುದ್ದ ನೀರೇ ಆದರೂ ಕಾಲು ಕಲ್ಲುಸಂದಿಗೆ ಸಿಕ್ಕಿಕೊಂಡರೆ ನೀರು ಮುಖ ಅಡಿ ಮಾಡಿ ಕೆಡವುತ್ತದೆ. ಅಂಗಾತ ಮಲಗಿ, ಪಾದ ಮೇಲೆತ್ತಿ, ನೀರು ಹೋಗುವ ಕಡೆಗೆ ಕಾಲು ಮುಂದೆ, ತಲೆ ಹಿಂದೆ.

ಎಲ್ಲಿ ದಡ ಹತ್ತಬೇಕು ಅನ್ನುವುದನ್ನು ಇಳಿಯುವ ಮೊದಲೇ ಕಾಲಲ್ಲಿ ಹೋಗಿ ನೋಡಿರಬೇಕು. ಹಳ್ಳದ ಕೊನೆಗೆ ಬಾರ್ಟನ್ ಸ್ಪ್ರಿಂಗ್ಸ್ ಈಜುಕೊಳ. ಅದರ ಮೇಲ್ತುದಿಯಲ್ಲೊಂದು ಕಟ್ಟೆ, ಹಳ್ಳದ ನೀರನ್ನು ಕೊಳದ ಪಕ್ಕದಿಂದ ಸಾಗಿಸುವ ಸುರಂಗದಂಥ ಕಾಲುವೆ. ತುಂಬು ನೀರಲ್ಲಿ ಅದರ ಬಾಯಿಗೆ ಹೋದವರಿಗೆ ದಾರಿಯಿಲ್ಲ. ನಾವು ಅದಕ್ಕೂ ಬಹಳ ಮೇಲೆಯೇ ದಡ ಹತ್ತುತ್ತೇವೆ. ಒಂದು ಕಾರನ್ನು ಬೆಳಿಗ್ಗೆಯೇ ಆ ಕಡೆ ನಿಲ್ಲಿಸಿರುತ್ತೇವೆ.

ನೀರು ಚೆಂದ ಕಂಡರೂ ಶುದ್ಧವಲ್ಲ. ರಸ್ತೆಯ ಎಣ್ಣೆ, ನಾಯಿಗಳ ಹೊಲಸು ಎಲ್ಲ ತೊಳೆದುಕೊಂಡು ಬಂದಿರುತ್ತದೆ. ಮೈಮೇಲೆ ಹಸಿ ಗಾಯವಿದ್ದರೆ ಆ ಸಲ ನಾನು ದಡದಲ್ಲಿ ಹಗ್ಗ ಹಿಡಿದು ನಿಲ್ಲುವವನು. ಇಳಿದ ದಿನ ಸೋಪು, ಬಿಸಿನೀರು, ಆಮೇಲೆಯೇ ಊಟ.