ಶುಕ್ತೊ: ಕಹಿಯಿಂದ ಶುರುವಾಗುವ ಬಂಗಾಳಿ ಊಟ

ಹಾಗಲಕಾಯಿ ಅಂದ ಕೂಡಲೇ ನಮ್ಮ ಕೈ ಉಪ್ಪು ಸವರಿ ಹಿಂಡುವುದಕ್ಕೆ, ಹುಣಸೆ-ಬೆಲ್ಲ ಸುರಿಯುವುದಕ್ಕೆ ಹೋಗುತ್ತದೆ. ಗೊಜ್ಜಿಗೆ ಅದೇ ಸರಿ. ಹಾಗಲದ ಜೊತೆ ನಾಲ್ಕಾರು ತರಕಾರಿ ಬೇಯಿಸಿ ಹಾಲು, ಸಾಸಿವೆ ಬೆರೆಸುವ ಬಂಗಾಳಿ ಪದಾರ್ಥ ಶುಕ್ತೊ ಮಾಡುವಾಗ ಮಾತ್ರ ಈ ಅಭ್ಯಾಸ ಬಿಡಬೇಕು. ಬಂಗಾಳಿಗಳ ಮಧ್ಯಾಹ್ನದ ಊಟದಲ್ಲಿ ಬಿಸಿ ಅನ್ನಕ್ಕೆ ಮೊದಲು ಬೀಳುವುದೇ ಕಹಿ. ಆಮೇಲೆ ಬೇಳೆ ಮತ್ತು ಕರಿದ ತರಕಾರಿ, ನಂತರ ಪಲ್ಯ, ಮೀನು, ಕೊನೆಗೆ ಸಿಹಿ ಚಟ್ನಿ, ಮಿಷ್ಟಿ ಅಂದರೆ ಸಿಹಿತಿಂಡಿ. ನಾಲಿಗೆಯನ್ನು ಹದಮಾಡಲು ಇಟ್ಟ ಕಹಿಯನ್ನೇ ಕೊಂದರೆ ಶುಕ್ತೊ ಬರೀ ಹಾಲು ಹಾಕಿದ ತರಕಾರಿ ಸಾಗು ಆಗುತ್ತದೆ. ಇದರಲ್ಲಿ ಅರಿಶಿನ, ಮೆಣಸಿನಪುಡಿ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. ಮೀನು, ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧವಾಗಿದ್ದ ವಿಧವೆಯರ ಅಡುಗೆಮನೆಗಳಲ್ಲಿ ಬಂಗಾಳದ ನಿರಾಮಿಷ (ಸಸ್ಯಾಹಾರಿ) ಅಡುಗೆ ಎಷ್ಟು ಸೂಕ್ಷ್ಮವಾಗಿ ಬೆಳೆಯಿತು ಅನ್ನುವುದು ಈ ಒಂದು ಪದಾರ್ಥದಲ್ಲೇ ತಿಳಿಯುತ್ತದೆ.

ನಾಲ್ಕು ಜನಕ್ಕೆ ನಾನು ತೆಗೆದುಕೊಳ್ಳುವುದು ಒಂದು ಮಧ್ಯಮ ಹಾಗಲಕಾಯಿ (ಸುಮಾರು 100 ಗ್ರಾಂ), ಒಂದು ಬಾಳೆಕಾಯಿ, ಒಂದು ಆಲೂಗಡ್ಡೆ, ಒಂದು ಸಣ್ಣ ಸಿಹಿಗೆಣಸು, ಒಂದು ನುಗ್ಗೆಕಾಯಿ, ಒಂದು ಉದ್ದನೆ ಬದನೆ. ಹಾಗಲ ಬಿಟ್ಟು ಉಳಿದದ್ದೆಲ್ಲ ಸೇರಿ 600 ಗ್ರಾಂ ದಾಟಬಾರದು, ದಾಟಿದರೆ ಕಹಿ ಗೊತ್ತೇ ಆಗುವುದಿಲ್ಲ. ಎಲ್ಲವನ್ನೂ ಬೆರಳುದ್ದಕ್ಕೆ, ಬೆರಳು ದಪ್ಪಕ್ಕೆ ಹೆಚ್ಚಬೇಕು. ಚೌಕವಾಗಿ ಹೆಚ್ಚಿದರೆ ಅಂಚು ಕರಗಿ ರಸ ಗಂಜಿಯಾಗುತ್ತದೆ. ಬಾಳೆಕಾಯಿ, ಬದನೆ ಕಪ್ಪಾಗದಂತೆ ನೀರಿನಲ್ಲಿಡಿ. ಹಾಗಲಕ್ಕೆ ಉಪ್ಪು ಸವರಿಡುವುದು ಬೇಡ.

ಇನ್ನು ಬೊರಿ. ಬೇಳೆ ರುಬ್ಬಿ ಬಿಸಿಲಿಗೆ ಒಣಗಿಸಿದ ನಮ್ಮ ಸಂಡಿಗೆಯ ಬಂಧು ಇದು. ಉದ್ದಿನದ್ದು ಹತ್ತು ಹನ್ನೆರಡು ಸಾಕು. (ಪಶ್ಚಿಮ ಬಂಗಾಳದ ಮೇದಿನೀಪುರದಲ್ಲಿ ಇದನ್ನೇ ಗಸಗಸೆಯ ಹಾಸಿನ ಮೇಲೆ ಒಡವೆಯ ಆಕಾರಕ್ಕೆ ಹಿಂಡಿ ಗಹನಾ ಬೊರಿ ಮಾಡುತ್ತಾರೆ. ಅದನ್ನು ಕರಿದು ಹಾಗೇ ತಿನ್ನಬೇಕು, ರಸಕ್ಕೆ ಹಾಕಿ ಹಾಳುಮಾಡಬಾರದು.)

ಶುಕ್ತೊದ ಗುರುತೇ ರಾಧುನಿ ಎಂಬ ಸಣ್ಣ ಮಸಾಲೆ ಕಾಳು, ಹಿಂದಿಯವರ ಅಜಮೋದ. ನೋಡಲು ಓಮದ ಹಾಗೇ ಇರುವುದರಿಂದ ಹಲವರು ಓಮ ಹಾಕಿಬಿಡುತ್ತಾರೆ. ಆಗ ಇಡೀ ಪಾತ್ರೆ ಕಷಾಯದ ವಾಸನೆ ಹೊಡೆಯುತ್ತದೆ. ರಾಧುನಿ ಸಿಗದಿದ್ದರೆ ಸೆಲರಿ ಬೀಜ ಹಾಕಿ, ಅದೂ ಇಲ್ಲದಿದ್ದರೆ ಪಾಂಚ್‌ಫೋರನ್ ಒಂದರಲ್ಲೇ ಮುಗಿಸಿ. ಪಾಂಚ್‌ಫೋರನ್ ಅಂದರೆ ಜೀರಿಗೆ, ಸೋಂಪು, ಕಲೋಂಜಿ, ಮೆಂತ್ಯ ಮತ್ತು ರಾಧುನಿ ಅಥವಾ ಸಾಸಿವೆ. ಪುಡಿ ಮಾಡದೆ ಇಡೀ ಕಾಳಾಗಿ ಬೆರೆಸಿಡುವುದು. ಸಮಪಾಲು ಎನ್ನುವುದು ವಾಡಿಕೆಯಾದರೂ ಮೆಂತ್ಯವನ್ನು ನಾನು ಅರ್ಧಕ್ಕೆ ಇಳಿಸುತ್ತೇನೆ, ಹಾಗಲದ ಕಹಿಯ ಮೇಲೆ ಇನ್ನೊಂದು ಕಹಿ ಸವಾರಿ ಮಾಡಬಾರದು.

ಹೆಚ್ಚು ಜನ ಎಡವುವುದು ಸಾಸಿವೆ ರುಬ್ಬುವಲ್ಲಿ. ಎರಡು ಚಹಾಚಮಚ ಹಳದಿ ಸಾಸಿವೆ, ಒಂದು ದೊಡ್ಡ ಚಮಚ ಗಸಗಸೆ ಎರಡನ್ನೂ ತಣ್ಣೀರಿನಲ್ಲಿ 20 ನಿಮಿಷ ನೆನೆಸಿ. ಚಿಟಿಕೆ ಉಪ್ಪು ಸೇರಿಸಿ ಸಣ್ಣ ಜಾರಿನಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಜಾರು ಬಿಸಿಯಾಗಿ ಸಾಸಿವೆ ಕಹಿಯಾಗುತ್ತದೆ, ಅದು ಗಂಟಲಲ್ಲಿ ನಿಲ್ಲುವ ಕಹಿ. ಹಾಗಲದ ಕಹಿ ಹಾಗಲ್ಲ, ಬಂದು ಹೋಗುತ್ತದೆ. ಕಪ್ಪು ಸಾಸಿವೆ ಮಾತ್ರ ಮನೆಯಲ್ಲಿದ್ದರೆ ಒಂದೇ ಚಮಚ ಹಾಕಿ, ರುಬ್ಬಿದ್ದನ್ನು ಚಹಾ ಸೋಸುವ ಜರಡಿಯಲ್ಲಿ ಸೋಸಿ ಸಿಪ್ಪೆ ತೆಗೆಯಿರಿ.

ಬಾಣಲೆಗೆ ನಾಲ್ಕು ದೊಡ್ಡ ಚಮಚ ಸಾಸಿವೆ ಎಣ್ಣೆ. ತೆಳುವಾಗಿ ಹೊಗೆ ಎದ್ದು ಬಣ್ಣ ತಿಳಿಯಾಗುವವರೆಗೆ ಕಾಯಿಸಿ, ಉರಿ ಇಳಿಸಿ ಅರ್ಧ ನಿಮಿಷ ಬಿಡಿ. ಈ ಕೆಲಸ ಬಿಟ್ಟರೆ ಹಸಿ ಎಣ್ಣೆಯ ಘಾಟು ಹಾಲಿನಲ್ಲಿ ಎದ್ದು ಕಾಣುತ್ತದೆ. ಮೊದಲು ಬೊರಿ ಕೆಂಪಗೆ ಹುರಿದು ತೆಗೆಯಿರಿ, ಆಮೇಲೆ ಬದನೆ, ಕೊನೆಗೆ ಹಾಗಲ. ಹಾಗಲದ ಅಂಚು ಕಂದಾಗುವಷ್ಟು ಹುರಿಯಬೇಕು. ಉಳಿದ ಎಣ್ಣೆಗೆ ಸಣ್ಣ ಕಹಿ ಇಳಿದಿರುತ್ತದೆ. ಅದನ್ನು ಚೆಲ್ಲಬೇಡಿ, ಇಡೀ ಪದಾರ್ಥಕ್ಕೆ ಬೇಕಾದ ಕಹಿ ಅಷ್ಟೇ.

ಅದೇ ಎಣ್ಣೆಗೆ ಎರಡು ತೇಜಪತ್ತೆ (ಪಲಾವ್ ಎಲೆ), ಅರ್ಧ ಚಹಾಚಮಚ ಪಾಂಚ್‌ಫೋರನ್, ಅದು ಚಟಪಟ ಅಂದಮೇಲೆ ಅರ್ಧ ಚಹಾಚಮಚ ರಾಧುನಿ. ರಾಧುನಿ ಹತ್ತು ಸೆಕೆಂಡಿನಲ್ಲಿ ಸೀಯುತ್ತದೆ, ಹಾಗಾಗಿ ತರಕಾರಿ ಕೈಯಲ್ಲೇ ಇರಲಿ. ಬಾಳೆಕಾಯಿ, ಆಲೂಗಡ್ಡೆ, ನುಗ್ಗೆ ಹಾಕಿ ಉಪ್ಪು ಬೆರೆಸಿ ಮುಚ್ಚಿ ಐದು ನಿಮಿಷ. ನಂತರ ಸಿಹಿಗೆಣಸು, ಎರಡು ಚಹಾಚಮಚ ಅರೆದ ಶುಂಠಿ. ಶುಂಠಿ ಇಲ್ಲೇ ಬಾಡಬೇಕು. ಹಸಿ ಶುಂಠಿಯಲ್ಲಿ ಹಾಲನ್ನು ಒಡೆಯುವ ಕಿಣ್ವವಿದೆ, ಬಿಸಿಗೆ ಅದು ಸಾಯುತ್ತದೆ. ಹಾಲು ಒಡೆಯಿತೆಂದು ಹಾಲಿನವರನ್ನು ದೂರುವ ಮೊದಲು ಶುಂಠಿ ಯಾವಾಗ ಹಾಕಿದಿರಿ ನೆನಪು ಮಾಡಿಕೊಳ್ಳಿ.

ಒಂದೂವರೆ ಲೋಟ ಬಿಸಿನೀರು ಸುರಿದು, ತರಕಾರಿ ಮುಕ್ಕಾಲು ಬೆಂದಾಗ ಬದನೆ ಮತ್ತು ಬೊರಿ ಸೇರಿಸಿ. ಬೊರಿ ಸ್ಪಂಜಿನ ಹಾಗೆ ರಸ ಕುಡಿಯುತ್ತದೆ, ರಸ ಸ್ವಲ್ಪ ಹೆಚ್ಚೇ ಇರಲಿ. ಎಲ್ಲ ಬೆಂದಮೇಲೆ ಉರಿ ಪೂರ್ತಿ ತಗ್ಗಿಸಿ, ಅರ್ಧ ಲೋಟ ಬೆಚ್ಚಗಿನ ಹಾಲಿನಲ್ಲಿ ರುಬ್ಬಿದ ಸಾಸಿವೆ-ಗಸಗಸೆ ಕದಡಿ ಹಾಕಿ. ಹಾಗಲ ಬೀಳುವುದು ಈಗ. ಮೊದಲಿನಿಂದ ಕುದಿಸಿದರೆ ಆಲೂಗಡ್ಡೆಯೂ ಕಹಿ, ಬಾಳೆಕಾಯಿಯೂ ಕಹಿ. ಕೊನೆಗೆ ಹಾಕಿದರೆ ಹಾಗಲದ ಹೋಳು ಬಾಯಿಗೆ ಬಂದಾಗಷ್ಟೇ ಕಹಿ ಎದ್ದು ಬರುತ್ತದೆ. ಮೂರು ನಿಮಿಷಕ್ಕಿಂತ ಹೆಚ್ಚು ಬೇಡ, ಸಾಸಿವೆ ಕುದಿದಷ್ಟೂ ಅದರ ಘಮ ಹೋಗಿ ಕಹಿ ಉಳಿಯುತ್ತದೆ.

ಇಳಿಸುವ ಮುನ್ನ ಒಂದು ಚಹಾಚಮಚ ಸಕ್ಕರೆ, ಒಂದು ಚಮಚ ತುಪ್ಪ, ಬರಿ ಬಾಣಲೆಯಲ್ಲಿ ಹುರಿದು ಕುಟ್ಟಿದ ಪಾಂಚ್‌ಫೋರನ್ ಪುಡಿ ಅರ್ಧ ಚಮಚ. ಸಕ್ಕರೆ ಸಿಹಿಗಾಗಿ ಅಲ್ಲ, ಸಾಸಿವೆಯ ಮೊನೆ ಮುರಿಯಲು. ಸಿಹಿ ನಾಲಿಗೆಗೆ ಹತ್ತಿದರೆ ಹೆಚ್ಚಾಯಿತೆಂದೇ ಅರ್ಥ. ರಸ ನಮ್ಮ ಮಜ್ಜಿಗೆಹುಳಿಗಿಂತ ತುಸು ತೆಳ್ಳಗೆ, ಬಣ್ಣ ದಂತದ ಬಿಳುಪು ಇರಬೇಕು.

ಮುಚ್ಚಿ ಹತ್ತು ನಿಮಿಷ ಬಿಟ್ಟು, ಉಗುರುಬೆಚ್ಚಗಾದಮೇಲೆ ಬಡಿಸಿ. ಇದು ಮಧ್ಯಾಹ್ನದ ಅಡುಗೆ, ರಾತ್ರಿಗೆ ಮಾಡುವ ರೂಢಿಯಿಲ್ಲ. ಉಳಿಸಿಡುವುದೂ ಬೇಡ: ಮಾರನೆಯ ದಿನಕ್ಕೆ ಹಾಗಲದ ಕಹಿ ಎಲ್ಲ ಹೋಳಿಗೂ ಹರಡಿ, ಬೊರಿ ಇದ್ದಬದ್ದ ರಸವನ್ನೆಲ್ಲ ಹೀರಿಕೊಂಡಿರುತ್ತದೆ.