ಬೇರಿನ ನೆರಳು ಹಿಡಿಯಲು ಕಲಿತದ್ದು

ಹಲ್ಲಿನ ಡಾಕ್ಟರ್ ಕೋರ್ಸ್ ಬಿಡಿಎಸ್‌ನ ಮೂರನೇ ವರ್ಷದಲ್ಲಿ ನನಗೆ ರೇಡಿಯಾಲಜಿ ಪೋಸ್ಟಿಂಗ್ ಬಂತು. ಎಕ್ಸ್‌ರೇ ರೂಮಿನ ಬಾಗಿಲ ಪಕ್ಕದಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇರುತ್ತಿತ್ತು. ಪೇಷಂಟ್ ಹೆಸರು, ಯಾವ ಹಲ್ಲು, ಎಷ್ಟು ಫಿಲ್ಮ್ ಅಂತ ಬರೆಯಬೇಕು. ಕೊನೆಯ ಕಾಲಂ 'ರಿಪೀಟ್'. ಚಿತ್ರ ಕೆಟ್ಟು ಎರಡನೇ ಸಲ ತೆಗೆದರೆ, ಯಾಕೆ ಕೆಟ್ಟಿತು ಅಂತ ಬರೆದು ಸಹಿ ಹಾಕಬೇಕು. ಮೊದಲ ವಾರ ಆ ಕಾಲಂನಲ್ಲಿ ನನ್ನ ಸಹಿಯೇ ಜಾಸ್ತಿ ಇತ್ತು.

ಒಂದು ಫಿಲ್ಮಿನಲ್ಲಿ ಬೇರಿನ ತುದಿಯೇ ಇಲ್ಲ. ಇನ್ನೊಂದರಲ್ಲಿ ಕೋನ್, ಅಂದರೆ ಕಿರಣ ಬಿಡುವ ಟ್ಯೂಬಿನ ಮೂತಿ, ಪಕ್ಕಕ್ಕೆ ಸರಿದು, ಒಂದು ಮೂಲೆ ಬಿಲ್ಲಿನ ಆಕಾರದಲ್ಲಿ ಬೆಳ್ಳಗೆ ಉಳಿದಿತ್ತು. ಮತ್ತೊಂದರಲ್ಲಿ ಚಿತ್ರವೆಲ್ಲ ಮಸುಕು, ಅದರ ಮೇಲೆ ಟೈರ್ ಉರುಳಿದಂಥ ಗುರುತು. ಬಾಯೊಳಗೆ ಹಲ್ಲಿನ ಹಿಂದೆ ಇಡುವ ಫಿಲ್ಮನ್ನು ತಿರುವಿ ಇಟ್ಟುಬಿಟ್ಟಿದ್ದೆ. ಪೊಟ್ಟಣದ ಹಿಂಬದಿಯಲ್ಲಿ ತೆಳ್ಳನೆಯ ಸೀಸದ ಹಾಳೆ ಇರುತ್ತದೆ, ಅದರ ಮೇಲಿನ ಅಚ್ಚೇ ಚಿತ್ರದಲ್ಲಿ ಮೂಡಿತ್ತು. ಅವತ್ತಿನಿಂದ ಫಿಲ್ಮ್ ಕೈಗೆ ಬಂದ ತಕ್ಷಣ ನನ್ನ ಬೆರಳು ಮೊದಲು ಹುಡುಕುವುದು ಮೂಲೆಯ ಉಬ್ಬಿದ ಚುಕ್ಕೆಯನ್ನು. ಚುಕ್ಕೆ ಉಬ್ಬಿದ ಬದಿ ಟ್ಯೂಬಿನ ಕಡೆಗೆ ಇರಬೇಕು. ಚುಕ್ಕೆ ಇರುವ ಅಂಚು ಹಲ್ಲಿನ ತಲೆಯ ಕಡೆ ಬರಬೇಕು, ಇಲ್ಲದಿದ್ದರೆ ಬೇರಿನ ತುದಿಯ ಮೇಲೇ ಬಂದು ಕೂರುತ್ತದೆ.

ಆದರೆ ನನಗೆ ನಿಜವಾಗಿ ಅರ್ಥವಾಗದೆ ಇದ್ದದ್ದು ಟ್ಯೂಬನ್ನು ಓರೆಯಾಗಿ ಹಿಡಿಯುವ ಕೋನ. ಮೇಲಿನ ಬಾಚಿ ಹಲ್ಲಿಗೆ 40 ಡಿಗ್ರಿ, ಮೇಲಿನ ದವಡೆ ಹಲ್ಲಿಗೆ 20, ಕೆಳಗಿನ ದವಡೆ ಹಲ್ಲಿಗೆ ಮೈನಸ್ 5 (ಅಂದರೆ ಕೆಳಗಿನಿಂದ ಮೇಲಕ್ಕೆ) ಅಂತ ಬಾಯಿಪಾಠ ಮಾಡಿದ್ದೆ. ಪುಸ್ತಕದಂತೆಯೇ ಇಟ್ಟರೂ ಕೆಲವರ ಹಲ್ಲು ಎಳೆದ ಹಾಗೆ ಉದ್ದ ಬರುತ್ತಿತ್ತು, ಕೆಲವರದು ಮೊಂಡು. ಒಂದು ಸಂಜೆ ನಮ್ಮ ಮೇಡಂ ನನ್ನನ್ನು ವರಾಂಡಕ್ಕೆ ಕರೆದು ಅಂಗಳದ ಕಂಬ ತೋರಿಸಿದರು. "ಮಧ್ಯಾಹ್ನ ಇದರ ನೆರಳು ಎಷ್ಟಿತ್ತು? ಈಗ ಎಷ್ಟಿದೆ ನೋಡು" ಅಂದರು. ಅಷ್ಟೇ. ಸೂರ್ಯ ಕೆಳಗಿದ್ದರೆ ನೆರಳು ಉದ್ದ, ನೆತ್ತಿಯ ಮೇಲಿದ್ದರೆ ಗಿಡ್ಡ. ಟ್ಯೂಬಿನ ಕೋನ ಕಡಿಮೆಯಾದರೆ ಹಲ್ಲು ಉದ್ದ, ಜಾಸ್ತಿಯಾದರೆ ಗಿಡ್ಡ. ನಾನು ತೆಗೆಯುತ್ತಿದ್ದದ್ದು ಹಲ್ಲಿನ ಫೋಟೋ ಅಲ್ಲ, ಬೇರಿನ ನೆರಳು.

ಆಮೇಲೆ ಟ್ಯೂಬ್ ನೋಡುವುದನ್ನು ಬಿಟ್ಟು ಬಾಯಿ ನೋಡಲು ಶುರು ಮಾಡಿದೆ. ಹಲ್ಲು ಯಾವ ಕಡೆ ವಾಲಿದೆ? ಅಂಗುಳು ಆಳವೋ, ಚಪ್ಪಟೆಯೋ? ಅಂಗುಳು ಚಪ್ಪಟೆಯಾಗಿದ್ದರೆ ಫಿಲ್ಮ್ ಮಲಗಿಬಿಡುತ್ತದೆ, ಆಗ ಕೋನ ಸ್ವಲ್ಪ ಏರಿಸಬೇಕು. ಹಲ್ಲಿನ ಉದ್ದ ಒಂದು ಗೆರೆ, ಫಿಲ್ಮ್ ಇನ್ನೊಂದು ಗೆರೆ. ಎರಡರ ನಡುವಿನ ಕೋನವನ್ನು ಸರಿಯಾಗಿ ಅರ್ಧ ಮಾಡುವ ಗೆರೆಯನ್ನು ಮನಸ್ಸಿನಲ್ಲೇ ಎಳೆದು, ಕಿರಣ ಅದಕ್ಕೆ ಲಂಬವಾಗಿ ಬೀಳುವಂತೆ ಟ್ಯೂಬ್ ತಿರುಗಿಸಬೇಕು. ಬೈಸೆಕ್ಟಿಂಗ್ ಅಂದರೆ ಇದೇ. ಹೋಲ್ಡರ್ ಇದ್ದರೆ ಫಿಲ್ಮನ್ನು ಹಲ್ಲಿಗೆ ಸಮಾನಾಂತರವಾಗಿ ಹಿಡಿಯಬಹುದು, ಅಳತೆ ಇನ್ನೂ ಚೆನ್ನಾಗಿ ಬರುತ್ತದೆ. ಆದರೂ ಬೈಸೆಕ್ಟಿಂಗ್ ಮೊದಲು ಕಲಿತದ್ದು ಒಳ್ಳೆಯದಾಯಿತು ಅಂತ ನನಗೆ ಅನಿಸುತ್ತದೆ. ಕಾಣದ ಬೇರನ್ನು ಊಹಿಸುವ ಅಭ್ಯಾಸ ಬಂದದ್ದು ಅದರಿಂದಲೇ.

ಮೇಡಂ ಇನ್ನೊಂದು ಕೆಲಸ ಮಾಡಿಸಿದರು. ಮೆಷಿನ್ ಆಫ್ ಮಾಡಿಸಿ, ನಾವು ಒಬ್ಬರಿಗೊಬ್ಬರು ಬಾಯಲ್ಲಿ ಫಿಲ್ಮ್ ಇಟ್ಟು ನೋಡಲು ಹೇಳಿದರು. ನಾಲಿಗೆಯ ಕೆಳಗೆ ಆ ಚೂಪು ಮೂಲೆ ಒತ್ತಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಅದುವರೆಗೆ ನಾನು ಪೇಷಂಟುಗಳಿಗೆ "ಸ್ವಲ್ಪ ತಡ್ಕೊಳ್ಳಿ" ಅಂತ ಸುಮ್ನೆ ಹೇಳುತ್ತಿದ್ದೆ. ಆಮೇಲೆ ಮೂಲೆಯನ್ನು ಬೆರಳಲ್ಲಿ ಮೆಲ್ಲಗೆ ಬಾಗಿಸಿಯೇ ಒಳಗೆ ಇಡುತ್ತಿದ್ದೆ. ಹೆಚ್ಚು ಮಡಿಸಿದರೆ ಚಿತ್ರದಲ್ಲಿ ಕಪ್ಪು ಗೆರೆ ಬರುತ್ತದೆ, ಅದಕ್ಕೆ ಮೂಲೆ ಮಾತ್ರ.

ಎರಡನೇ ತಿಂಗಳಲ್ಲಿ ಹಳ್ಳಿಯಿಂದ ಒಬ್ಬ ಅಜ್ಜಿ ಬಂದರು. ಮೇಲೆ ಎಡಗಡೆಯ ದವಡೆ ಹಲ್ಲು ನೋವು. ಫಿಲ್ಮ್ ಅಂಗುಳಿಗೆ ತಾಗುತ್ತಿದ್ದಂತೆ "ಅವ್ವಾ, ವಾಂತಿ ಬಂದಂಗಾಗ್ತೈತಿ" ಅಂತ ನನ್ನ ಕೈ ಹಿಡಿದುಕೊಂಡರು. ಬಟನ್ ಒತ್ತುವವರೆಗೆ ನಾನೇ ಫಿಲ್ಮ್ ಹಿಡಿದುಕೊಳ್ಳಲೇ ಅನಿಸಿತು. ಹಾಗೆ ಮಾಡುವಂತಿಲ್ಲ. ತೆಗೆಯುವವರ ಬೆರಳು ಕಿರಣದ ದಾರಿಗೆ ಯಾವತ್ತೂ ಬರಬಾರದು. ದಿನಕ್ಕೆ ಹತ್ತಾರು ಜನರಿಗೆ ಹಿಡಿದರೆ ಅದೆಲ್ಲ ಅದೇ ಬೆರಳಿಗೆ ಸೇರುತ್ತದೆ.

ಫಿಲ್ಮ್ ಹೊರಗೆ ತೆಗೆದೆ. ಅಜ್ಜಿಗೆ ನೀರು ಕೊಟ್ಟೆ. ಲೆಡ್ ಏಪ್ರನ್, ಕುತ್ತಿಗೆಯ ಥೈರಾಯ್ಡ್ ಕಾಲರ್ ಸರಿಪಡಿಸಿದೆ. ಮೂಗಿನ ಪಕ್ಕದಿಂದ ಕಿವಿಯ ಮುಂದಿನವರೆಗಿನ ಗೆರೆ ನೆಲಕ್ಕೆ ಸಮವಾಗಿ ಇರುವಂತೆ ತಲೆ ಇಟ್ಟೆ. ಮೊದಲೇ ಟೈಮ್ ಸೆಟ್ ಮಾಡಿ, ಟ್ಯೂಬನ್ನು ಕೆನ್ನೆಯ ಹತ್ತಿರ ತಂದು ನಿಲ್ಲಿಸಿದೆ. ಎಲ್ಲ ಸಿದ್ಧವಾದ ಮೇಲೆಯೇ ಫಿಲ್ಮ್. ಅದನ್ನು ಅಂಗುಳಿನ ಮೇಲೆ ಜಾರಿಸಲಿಲ್ಲ. ಜಾರಿಸಿದರೆ ಓಕರಿಕೆ ಬಂದೇ ಬರುತ್ತದೆ. ತಾಗಿಸದೆ ಒಳಗೆ ಒಯ್ದು ಒಂದೇ ಸಲಕ್ಕೆ ಮೇಲೆತ್ತಿದೆ. ಅಜ್ಜಿಯ ಬಲಗೈ ಹೆಬ್ಬೆರಳನ್ನು ಅದಕ್ಕೆ ಒತ್ತಿಸಿದೆ. "ಮೂಗಲ್ಲೇ ಉಸಿರು ಎಳೀರಿ ಅಜ್ಜಿ, ಬಲಗಾಲು ಸ್ವಲ್ಪ ಮೇಲೆತ್ತಿ ಹಿಡೀರಿ" ಅಂದೆ. ಗಮನ ಕಾಲಿಗೆ ಹೋಯಿತು. ನಾನು ಆರು ಅಡಿ ಹಿಂದೆ, ಗೋಡೆಯ ಆಚೆ ಹೋಗಿ ಬಟನ್ ಒತ್ತಿದೆ. ಒಂದು ಸೆಕೆಂಡೂ ಆಗಲಿಲ್ಲ.

ಡಾರ್ಕ್ ರೂಮಿನಲ್ಲಿ ಕೆಂಪು ದೀಪದ ಕೆಳಗೆ ಆ ಫಿಲ್ಮ್ ತೊಳೆದದ್ದು ಇನ್ನೂ ನೆನಪಿದೆ. ಡೆವಲಪರ್, ನೀರು, ಫಿಕ್ಸರ್, ಮತ್ತೆ ನೀರು. ಏಪ್ರಿಲ್ ತಿಂಗಳು, ದ್ರಾವಣ ಬೆಚ್ಚಗಿತ್ತು. 20 ಡಿಗ್ರಿಗೆ ಹೇಳಿದ ಐದು ನಿಮಿಷದ ಲೆಕ್ಕ ಅಲ್ಲಿ ನಡೆಯುವುದಿಲ್ಲ, ಅಷ್ಟು ಹೊತ್ತು ಬಿಟ್ಟರೆ ಕಪ್ಪಾಗಿಬಿಡುತ್ತದೆ. ಎತ್ತಿ ಎತ್ತಿ ನೋಡುತ್ತಾ ಹೋದೆ. ಮೊದಲು ಹಲ್ಲಿನ ತಲೆ ಬಂತು, ಆಮೇಲೆ ಮೂರು ಬೇರು. ಕೆನ್ನೆಮೂಳೆಯ ನೆರಳು ಬೇರುಗಳ ಮೇಲೆ ಬಿದ್ದಿರಲಿಲ್ಲ. ಹುಳುಕು ನರದವರೆಗೆ ಇಳಿದಿತ್ತು, ಒಂದು ಬೇರಿನ ತುದಿಯಲ್ಲಿ ಕಪ್ಪು ಮಚ್ಚೆ ಇತ್ತು. "ತೋರ್ಸವ್ವಾ, ನನ್ನ ಹಲ್ಲು ಹೆಂಗೈತಿ" ಅಂತ ಅಜ್ಜಿ ಕೇಳಿದರು. ಬೆಳಕಿಗೆ ಹಿಡಿದು ತೋರಿಸಿದೆ. ರಿಪೀಟ್ ಕಾಲಂ ಖಾಲಿ ಬಿಟ್ಟೆ.

ಈಗ ನನ್ನ ಕ್ಲಿನಿಕ್‌ನಲ್ಲಿ ಆರ್‌ವಿಜಿ ಇದೆ, ಅಂದರೆ ಫಿಲ್ಮಿನ ಬದಲು ಬಾಯಲ್ಲಿ ಸೆನ್ಸರ್ ಇಡುವ ಡಿಜಿಟಲ್ ಎಕ್ಸ್‌ರೇ. ಕಿರಣ ಕಡಿಮೆ ಸಾಕು, ಚಿತ್ರ ಕೂಡಲೇ ಸ್ಕ್ರೀನಿಗೆ ಬರುತ್ತದೆ. ಆದರೆ ಸೆನ್ಸರ್ ದಪ್ಪ, ಬಾಗುವುದಿಲ್ಲ, ಸಣ್ಣ ಬಾಯಿಗೆ ಕಷ್ಟ. ಇನ್ನೊಂದು ವಿಷಯ ನನಗೆ ಚಿಂತೆ ತರುತ್ತದೆ. ಸರಿ ಬರದಿದ್ದರೆ ಇನ್ನೊಂದು ಒತ್ತಿದರಾಯಿತು ಅಂತ ಕೈ ಮುಂದೆ ಹೋಗುತ್ತದೆ. ಒಂದೊಂದು ಸಲಕ್ಕೆ ಕಿರಣ ಕಡಿಮೆ ಅಂತ ನಾಲ್ಕು ಸಲ ತೆಗೆದರೆ ಉಳಿಸಿದ್ದೇನು? ಅದಕ್ಕೇ ನಾನು ಇಲ್ಲೂ ಒಂದು ರಿಜಿಸ್ಟರ್ ಇಟ್ಟಿದ್ದೇನೆ.

ಬಿಡಿಎಸ್ ಮುಗಿಸಿದ ಒಬ್ಬ ಹುಡುಗಿ ನನ್ನ ಹತ್ತಿರ ಕಲಿಯಲು ಬರುತ್ತಾಳೆ. ಮೊದಲ ದಿನವೇ ಮೆಷಿನ್ ಆಫ್ ಮಾಡಿಸಿ, ಅವಳ ಬಾಯಲ್ಲೇ ಸೆನ್ಸರ್ ಇಡಿಸಿದೆ. ಹೋದ ವಾರ ಆರು ವರ್ಷದ ಮಗುವೊಂದು ಬಂದಿತ್ತು. ಅವಳು ಬಾಯಿ ತೆರೆಸಿ ನೋಡಿ, ಸೆನ್ಸರ್ ಕೆಳಗಿಟ್ಟು ನನ್ನ ಹತ್ತಿರ ಬಂದಳು. "ಮೇಡಂ, ಇದು ಮಗುಗೆ ಒತ್ತುತ್ತೆ. ಸಣ್ಣ ಸೈಜ್ ಫಿಲ್ಮ್ ಇದೆಯಲ್ಲ, ಅದ್ರಲ್ಲಿ ತೆಗೀಲಾ?" ಅಂದಳು. ಬೀರುವಿನ ಕೀಲಿ ಕೊಟ್ಟೆ.