ಆರು ಆಕ್ಸಲ್ ಬಾಕ್ಸ್‌ಗಳಿಗೆ ನಮ್ಮ ಶೆಡ್‌ನಲ್ಲೇ ವೈಟ್ ಮೆಟಲ್ ಹೊಯ್ದದ್ದು: ನನ್ನ ಅನುಭವ

ನಮ್ಮ ಗುಂಪಿನ ಆರು ಚಕ್ರದ ಟ್ಯಾಂಕ್ ಎಂಜಿನ್ (ನೀರು, ಕಲ್ಲಿದ್ದಲನ್ನು ತಾನೇ ಹೊರುವ ಉಗಿ ರೈಲು ಎಂಜಿನ್) ಕಳೆದ ಎರಡು ವರ್ಷಗಳಲ್ಲಿ ಹೆಚ್ಚುಕಡಿಮೆ 2,600 ಕಿಲೋಮೀಟರ್ ಓಡಿದೆ. ಅದರ ಆರು ಆಕ್ಸಲ್ ಬಾಕ್ಸ್‌ಗಳಲ್ಲಿ (ಚಕ್ರದ ಅಚ್ಚು ತಿರುಗುವ ಬೇರಿಂಗ್ ಇರುವ ಪೆಟ್ಟಿಗೆಗಳಲ್ಲಿ) ಒಂದೂ ಇದುವರೆಗೆ ಹೊಗೆಯಾಡಿಲ್ಲ. ಈ ಆರಕ್ಕೂ ವೈಟ್ ಮೆಟಲ್ (ಬೇರಿಂಗ್‌ನ ಒಳಮೈಗೆ ಹೊಯ್ಯುವ ಮೆತ್ತನೆಯ ಮಿಶ್ರಲೋಹ) ಹೊಯ್ದದ್ದು ಹೊರಗಿನ ಯಾವ ಕಾರ್ಖಾನೆಯೂ ಅಲ್ಲ. ನಾವು ನಾಲ್ವರು ಸ್ವಯಂಸೇವಕರು ಶೆಡ್‌ನ ಹಿಂಬದಿಯ ತಗಡಿನ ಚಾವಣಿಯ ಕೆಳಗೆ ಎರಡು ಗ್ಯಾಸ್ ಬರ್ನರ್ ಮತ್ತು ಒಂದು ಕಬ್ಬಿಣದ ಕಡಾಯಿ ಇಟ್ಟುಕೊಂಡು ಮಾಡಿದೆವು. ಇದು ಆಗದ ಕೆಲಸ ಎಂದವರಲ್ಲಿ ನಾನು ತುಂಬ ಗೌರವಿಸುವ ಹಿರಿಯರೂ ಇದ್ದರು. ಹಳೆಯ ಎಂಜಿನ್‌ಗಳನ್ನು ಓಡಿಸುವ ಬೇರೆ ಗುಂಪುಗಳಿಗೂ ಬೇರಿಂಗ್ ಕಾದು ಕೆಡುವ ಇದೇ ತೊಂದರೆ ಇರುವುದರಿಂದ, ಎಲ್ಲಿ ಎಡವಿದೆವು, ಹಣ ಎಲ್ಲಿ ಹೋಯಿತು, ಕೊನೆಗೆ ಯಾವುದು ಕೈಹಿಡಿಯಿತು ಎಂಬುದನ್ನು ನೆನಪಿರುವಷ್ಟು ಬರೆಯುತ್ತಿದ್ದೇನೆ. ಅಂಕಿಗಳೆಲ್ಲ ಅಂದಾಜಿನವು.

ಮೊದಲ ಸಲ ನಾವೂ ಎಲ್ಲರಂತೆ ಕೆಲಸವನ್ನು ಹೊರಗೆ ಕೊಟ್ಟಿದ್ದೆವು. ಒಂದು ವರ್ಷದ ಸದಸ್ಯತ್ವ ಶುಲ್ಕದ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ಹೊಳೆಯುವ ಆರು ಬೇರಿಂಗ್‌ಗಳು ಬಂದವು, ಕೂರಿಸಿದೆವು, ಎಂಜಿನ್ ಹೊರಟಿತು. ಎಂಟನೆಯ ಕಿಲೋಮೀಟರಿಗೆ ಎಡಬದಿಯ ನಡುವಿನ ಬಾಕ್ಸ್‌ನಿಂದ ಸುಟ್ಟ ಎಣ್ಣೆಯ ವಾಸನೆ ಬಂತು. ಬಿಚ್ಚಿ ನೋಡಿದರೆ ವೈಟ್ ಮೆಟಲ್ ಹಳೆಯ ಗೋಡೆಯ ಸುಣ್ಣದ ಹಾಗೆ ಬೇರಿಂಗ್‌ನ ಕಂಚಿನ ಚಿಪ್ಪಿನಿಂದ ಹಕ್ಕಳೆಯಾಗಿ ಎದ್ದು ಬಂತು. ಅದರ ಬೆನ್ನಿಗಾಗಲಿ, ಚಿಪ್ಪಿನ ಮೈಗಾಗಲಿ ಕಲಾಯಿ (ಲೋಹ ಅಂಟಿಕೊಳ್ಳಲೆಂದು ಮೊದಲು ಹಚ್ಚುವ ತವರದ ತೆಳು ಪದರ) ಹಿಡಿದ ಗುರುತೇ ಇರಲಿಲ್ಲ. ಆ ತುಂಡನ್ನು ಕಾಗದದ ಮೇಲೆ ಎಳೆದಾಗ ಪೆನ್ಸಿಲ್ಲಿನಂತೆ ಬೂದು ಗೆರೆ ಮೂಡಿತು, ಅಂದರೆ ತವರದ ಮಿಶ್ರಲೋಹವೆಂದು ಬಿಲ್ ಬರೆದು ಸೀಸದ್ದನ್ನು ಹೊಯ್ದಿದ್ದರು. ತವರದ ಬೆಲೆ ಸೀಸದ ಹತ್ತು ಪಟ್ಟಿಗೂ ಹೆಚ್ಚು ಎಂಬುದನ್ನು ನೆನೆದರೆ ಅವರಿಗೆ ಎಷ್ಟು ಉಳಿಯಿತು ಎಂಬುದು ತಿಳಿಯುತ್ತದೆ. ಕೊಟ್ಟ ಹಣ ಮರಳಿ ಬರಲಿಲ್ಲ. ಬಿಸಿಗೆ ಗೀರುಬಿದ್ದ ಜರ್ನಲ್ (ಬೇರಿಂಗ್‌ನೊಳಗೆ ತಿರುಗುವ ಆಕ್ಸಲ್‌ನ ಭಾಗ) ಅನ್ನು ಮತ್ತೆ ಲೇತ್‌ಗೆ ಏರಿಸುವ ಖರ್ಚು ಬೇರೆ ನಮ್ಮ ತಲೆಯ ಮೇಲೆ ಬಿತ್ತು.

ಆಗ ಸಭೆಯಲ್ಲಿ, ವೈಟ್ ಮೆಟಲ್ ಬದಲು ಉಕ್ಕಿನ ಉರುಳೆಗಳಿರುವ ರೋಲರ್ ಬೇರಿಂಗ್‌ನ ಮಾತು ಬಂತು. 2008ರಲ್ಲಿ ಹೊಸದಾಗಿ ಕಟ್ಟಿ ಮುಗಿಸಿದ ಬ್ರಿಟನ್ನಿನ ಟೊರ್ನಾಡೊ ಎಂಜಿನ್ನಿಗೇ ರೋಲರ್ ಇರುವಾಗ ನಮಗೇಕೆ ಬೇಡ ಎಂದು ಕೆಲವರು ಕೇಳಿದರು. ಆ ವರ್ಗದ ಮೂಲ 49 ಎಂಜಿನ್‌ಗಳಲ್ಲಿ ಐದಕ್ಕೆ ತಯಾರಾಗುವಾಗಲೇ ರೋಲರ್ ಬೇರಿಂಗ್ ಇತ್ತು. ಆದ್ದರಿಂದ ಟೊರ್ನಾಡೊಗೆ ಅದು ಪರಂಪರೆಯ ಭಾಗವೇ ಹೊರತು ತಿದ್ದುಪಡಿಯಲ್ಲ. ನಮ್ಮ ಎಂಜಿನ್ನಿನ ವಿಷಯ ಹಾಗಲ್ಲ. ಅದು ಹುಟ್ಟಿದ್ದು ವೈಟ್ ಮೆಟಲ್‌ನ ಮೇಲೆ. ರೋಲರ್ ಹಾಕಬೇಕಾದರೆ ಮೂಲ ಆಕ್ಸಲ್ ಬಾಕ್ಸ್‌ಗಳನ್ನೇ ಬಿಸುಟು ಹೊಸದಾಗಿ ಎರಕ ಹೊಯ್ಸಬೇಕು, ಆಕ್ಸಲ್‌ಗಳ ಮೈಯನ್ನು ಬೇರೆ ಅಳತೆಗೆ ಕಡೆಯಬೇಕು. ಖರ್ಚು ನಾಲ್ಕು ಪಟ್ಟಾಗುತ್ತಿತ್ತು, ಮತ್ತು ಒಮ್ಮೆ ಹೋದ ಮೂಲ ಭಾಗ ಹೋದಂತೆಯೇ. ಹಳೆಯದನ್ನು ಓಡಿಸುತ್ತೇವೆಂದು ಹೊರಟವರು ಓಡುವ ಭಾಗವನ್ನೇ ಬದಲಿಸಿ, ಹೊರಗಿನ ಬಣ್ಣವನ್ನು ಮಾತ್ರ ಉಳಿಸಿಕೊಳ್ಳುವುದು ನನಗೆ ಒಪ್ಪಿಗೆಯಾಗಲಿಲ್ಲ. 1951ರಲ್ಲಿ ವೇಲ್ಸ್‌ನ ಟಾಲಿಲ್ಲಿನ್ ರೈಲುಮಾರ್ಗವನ್ನು ಸ್ವಯಂಸೇವಕರು ಕೈಗೆತ್ತಿಕೊಂಡು ರೈಲು ಓಡಿಸಿದಾಗಲೂ ಇದು ಹವ್ಯಾಸಿಗಳಿಂದ ಆಗುವ ಕೆಲಸವಲ್ಲ ಎಂದೇ ಜನ ಅಂದಿದ್ದರು ಎಂದು ನಾನು ಸಭೆಯಲ್ಲಿ ಹೇಳಿದೆ. ಕಾರ್ಯಾಗಾರದಲ್ಲೇ ಆಯುಷ್ಯ ಕಳೆದಿದ್ದ ನಮ್ಮ ಹಿರಿಯರೊಬ್ಬರು ಮಾತ್ರ ತಲೆಯಾಡಿಸಿದರು: "ಹೊಯ್ಯುವುದು ಯಾರಿಗೂ ಬರುತ್ತದಪ್ಪ, ಹೊಯ್ದದ್ದು ಹಿಡಿದುಕೊಳ್ಳಬೇಕಲ್ಲ!" ಮುಂದಿನ ಏಳು ತಿಂಗಳು ನಾನು ಈ ಒಂದು ಮಾತಿಗೆ ಉತ್ತರ ಹುಡುಕಿದೆ.

ಲೋಹದ ಆಯ್ಕೆಯಲ್ಲಿ ನಾನು ಜಿಪುಣತನ ಮಾಡಲಿಲ್ಲ. ಶೇಕಡಾ 89ರಷ್ಟು ತವರ, ಏಳೂವರೆಯಷ್ಟು ಆಂಟಿಮನಿ, ಉಳಿದದ್ದು ತಾಮ್ರ ಇರುವ ಗಟ್ಟಿಗಳನ್ನೇ, ಪರೀಕ್ಷಾ ಪತ್ರದ ಸಮೇತ ತರಿಸಿದೆ. ಒಂದು ಬೇರಿಂಗ್‌ಗೆ ಸುಮಾರು 6 ಕಿಲೋ ಬೇಕು; ಕಿಟ್ಟ, ತುಂಡು, ಚೂರು ಎಲ್ಲ ಸೇರಿ 45 ಕಿಲೋ ಕೊಂಡೆವು. ಒಟ್ಟು ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಈ ಗಟ್ಟಿಗಳಿಗೇ ಆಯಿತು; ಉಳಿದದ್ದು ಗ್ಯಾಸ್, ಮ್ಯಾಂಡ್ರೆಲ್‌ನ (ಎರಕ ಹೊಯ್ಯುವಾಗ ನಡುವೆ ನಿಲ್ಲಿಸುವ ದಿಂಡಿನ) ಉಕ್ಕು ಮತ್ತು ತಾಪಮಾಪಕಕ್ಕೆ. ಒಳ್ಳೆಯ ಹೆಸರಿರುವ ಇನ್ನೊಂದು ಕಡೆ ಕೇಳಿದ್ದ ದರಕ್ಕೆ ಹೋಲಿಸಿದರೆ ನಮ್ಮದು ಮೂರನೆಯ ಒಂದು ಭಾಗದಲ್ಲಿ ಮುಗಿಯಿತು. ಇಲ್ಲಿ ಒಂದು ಅನುಕೂಲವಿದೆ: ಕೆಟ್ಟ ಎರಕವನ್ನು ಕರಗಿಸಿ ಮತ್ತೆ ಹೊಯ್ಯಬಹುದು, ಆದ್ದರಿಂದ ಸೋತಾಗ ಹಾಳಾಗುವುದು ಗ್ಯಾಸ್ ಮತ್ತು ದಿನ ಮಾತ್ರ. ಆರು ಬೇರಿಂಗ್‌ಗಳಿಗಾಗಿ ನಾನು ಒಟ್ಟು 17 ಅಥವಾ 18 ಸಲ ಹೊಯ್ದಿದ್ದೇನೆ.

ಮೊದಲ ಸೋಲು ಕಲಾಯಿಯಲ್ಲೇ ಆಯಿತು. ಚಿಪ್ಪನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ಉಜ್ಜಿ, ನವಸಾಗರ ಬಳಿದು ತವರ ಹಚ್ಚಿದರೆ ಅಂಗೈ ಅಗಲದ ಜಾಗ ಕನ್ನಡಿಯಂತೆ ಹೊಳೆಯುತ್ತಿತ್ತು, ಪಕ್ಕದಲ್ಲೇ ನಾಣ್ಯದಷ್ಟು ಅಗಲದ ಕಪ್ಪು ಚುಕ್ಕೆಗಳು ಉಳಿಯುತ್ತಿದ್ದವು. ಎಷ್ಟು ಉಜ್ಜಿದರೂ ಅದೇ ಜಾಗದಲ್ಲಿ ಅದೇ ಚುಕ್ಕೆ. ಕಾರಣ ಹೊಳೆದದ್ದು ಒಂದು ಸಂಜೆ, ಬಿಸಿ ಚಿಪ್ಪಿನ ಮೇಲೆ ಬಿಳಿಯ ಬಟ್ಟೆ ಒತ್ತಿದಾಗ: ಬಟ್ಟೆಯಲ್ಲಿ ಕಂದು ಬಣ್ಣದ ಎಣ್ಣೆ ಮೂಡಿತ್ತು. ದಶಕಗಳ ಕಾಲ ಎಣ್ಣೆಯಲ್ಲಿ ನೆಂದ ಕಂಚು ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಅದನ್ನು ಹಿಡಿದಿಟ್ಟುಕೊಂಡಿತ್ತು, ಬಿಸಿ ತಾಗಿದೊಡನೆ ಬೆವರಿನಂತೆ ಬಿಡುತ್ತಿತ್ತು. ಅಲ್ಲಿಂದ ಮುಂದೆ ಪ್ರತಿ ಚಿಪ್ಪನ್ನೂ 300 ಡಿಗ್ರಿಯ ಆಸುಪಾಸಿನಲ್ಲಿ ನಾಲ್ಕೈದು ಗಂಟೆ ನಿಧಾನವಾಗಿ ಸುಟ್ಟು, ಒರೆಸಿ, ಸೋಡಾದಲ್ಲಿ ತೊಳೆದು, ಇನ್ನೊಮ್ಮೆ ಸುಟ್ಟೆವು. ಬಟ್ಟೆ ಬೆಳ್ಳಗೆ ಉಳಿಯುವವರೆಗೆ ಕಲಾಯಿಗೆ ಕೈಹಾಕಲಿಲ್ಲ. ಒಂದು ಚಿಪ್ಪಿಗೆ ನಾಲ್ಕು ಸುತ್ತು ಬೇಕಾಯಿತು.

ಎರಡನೆಯದು ತಾಪಮಾಪಕ ಮಾಡಿದ ಮೋಸ. ಈ ಲೋಹ 354 ಡಿಗ್ರಿಯ ಸುಮಾರಿಗೆ ಪೂರ್ತಿ ಕರಗುತ್ತದೆ, ಹೊಯ್ಯಲು 420ರ ಆಸುಪಾಸು ಬೇಕು. ಮಾಪಕ 420 ಎನ್ನುತ್ತಿತ್ತು, ಹೊಯ್ದರೆ ಮೈಮೇಲೆ ಮಡಿಕೆ ಮಡಿಕೆಯಾಗಿ ಗೆರೆ ಬೀಳುತ್ತಿತ್ತು. ಅದರ ತುದಿ ಕಡಾಯಿಯ ತಳಕ್ಕೆ ತಾಗಿ 40 ಡಿಗ್ರಿ ಹೆಚ್ಚು ತೋರಿಸುತ್ತಿತ್ತು ಎಂಬುದು ಮೂರು ಎರಕ ಹಾಳಾದ ಮೇಲೆ ತಿಳಿಯಿತು. ಈಗ ಮಾಪಕವನ್ನು ನಡುಮಟ್ಟದಲ್ಲಿ ತೂಗುಬಿಡುತ್ತೇನೆ, ಜೊತೆಗೆ ಹಳಬರ ಪರೀಕ್ಷೆಯನ್ನೂ ಮಾಡುತ್ತೇನೆ: ಒಣಗಿದ ಮೆದುಮರದ ಕಡ್ಡಿಯನ್ನು ಅದ್ದಿ ತೆಗೆದರೆ ಅದು ಕಂದಾಗಬೇಕು, ಹೊತ್ತಿಕೊಳ್ಳಬಾರದು. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಸೌಟು ಎತ್ತುವುದು.

ಅಚ್ಚಿನ ಸಂದುಗಳಿಗೆ ಮೆತ್ತಿದ ಜೇಡಿಮಣ್ಣು ಒಂದು ದಿನ ಒಳಗೊಳಗೆ ಹಸಿಯಾಗಿತ್ತು. ಲೋಹ ತಾಗಿದ ಕೂಡಲೇ ಉಗಿ ಎದ್ದು, ಕಾದ ತವರ ಎದೆಯೆತ್ತರಕ್ಕೆ ಚಿಮ್ಮಿತು. ಚರ್ಮದ ಏಪ್ರನ್, ಮುಖಗವಸು ಹಾಕಿದ್ದರಿಂದ ಯಾರಿಗೂ ಏನೂ ಆಗಲಿಲ್ಲ, ಆದರೆ ಏಪ್ರನ್‌ನಲ್ಲಿ ಬೆರಳು ತೂರುವಷ್ಟು ತೂತಾಗಿತ್ತು. ಮಣ್ಣು, ಸೌಟು, ಗಟ್ಟಿ, ಯಾವುದನ್ನೂ ಬರ್ನರ್‌ನಲ್ಲಿ ಕಾಯಿಸದೆ ಲೋಹದ ಹತ್ತಿರ ತರಬಾರದು.

ಕಲಾಯಿ ಹಿಡಿಯಿತು, ತಾಪ ಸರಿಹೋಯಿತು, ಆದರೂ ಮೂರನೆಯ ತೊಂದರೆ ಉಳಿದಿತ್ತು: ಆರಿದ ಮೇಲೆ ಅಂಚುಗಳಲ್ಲಿ ಲೋಹ ಚಿಪ್ಪನ್ನು ಬಿಟ್ಟು ಒಳಕ್ಕೆ ಸರಿಯುತ್ತಿತ್ತು. ಕೋಲಿನಿಂದ ತಟ್ಟಿದರೆ ಒಡೆದ ಮಡಕೆಯ ದನಿ. ನಮ್ಮ ವಿಧಾನದ ತಿರುಳು ಇರುವುದು ಇಲ್ಲಿಯೇ, ಹಿರಿಯರು ಒಪ್ಪದೆ ಇದ್ದದ್ದೂ ಇದನ್ನೇ. ಅವರ ಕಾಲದಲ್ಲಿ ಮ್ಯಾಂಡ್ರೆಲ್ ಅನ್ನು ಬೆಚ್ಚಗೆ ಮಾಡಿದರೆ ಸಾಕಾಗುತ್ತಿತ್ತಂತೆ. ನಾನು ಅದನ್ನು ಚಿಪ್ಪಿಗಿಂತ ಹೆಚ್ಚು ಕಾಯಿಸಿದೆ. ಚಿಪ್ಪು 250ರ ಸುಮಾರು, ಮಸಿ ಹಿಡಿಸಿದ ಮ್ಯಾಂಡ್ರೆಲ್ 320ರ ಸುಮಾರು. ಲೋಹ ತಣ್ಣನೆಯ ಕಡೆಯಿಂದ ಗಟ್ಟಿಯಾಗುತ್ತ ಬರುತ್ತದೆ. ಆ ತಣ್ಣನೆಯ ಕಡೆ ಚಿಪ್ಪೇ ಆಗಿರಬೇಕು, ಇಲ್ಲದಿದ್ದರೆ ಅದು ಮ್ಯಾಂಡ್ರೆಲ್ ಅನ್ನು ಅಪ್ಪಿ ಚಿಪ್ಪಿನಿಂದ ದೂರವಾಗುತ್ತದೆ. ಹೊಯ್ದು ಮುಗಿದೊಡನೆ ಮೇಲಿನಿಂದ ಮ್ಯಾಂಡ್ರೆಲ್‌ಗೆ ಉರಿ ಹಿಡಿದು, ಚಿಪ್ಪಿನ ಬೆನ್ನಿಗೆ ಬುಡದಿಂದ ಮೇಲಕ್ಕೆ ಗಾಳಿ ಬಿಡುತ್ತ ಬಂದೆವು. ಒಬ್ಬರು ಕಾದ ತಂತಿಯಿಂದ ಅಚ್ಚಿನ ಬಾಯಲ್ಲಿ ಕಲಕುತ್ತ ಇಳಿದಷ್ಟು ಲೋಹವನ್ನು ತುಂಬುತ್ತ ಹೋದರು. ಕಲಾಯಿ ಹಚ್ಚಿ ಹೊಯ್ಯುವವರೆಗಿನ ಅಂತರ ಒಂದು ನಿಮಿಷ ದಾಟಬಾರದು, ತವರ ಹಳದಿಗೆ ತಿರುಗಿತೆಂದರೆ ಆ ಎರಕ ಹೋದಂತೆ. ನವಸಾಗರದ ಜೊತೆ ನಾನು ಬೆರೆಸುವುದು ಏನು, ಎಷ್ಟು ಎಂಬುದನ್ನೂ, ಮೇಲಿನ ಬಾಯಿಯ ಆಕಾರವನ್ನೂ ಇಲ್ಲಿ ಬರೆಯುವುದಿಲ್ಲ. ಅವು ಬಹಳ ದಿನ ತಿಣುಕಿ ದಕ್ಕಿಸಿಕೊಂಡವು. ಶೆಡ್‌ಗೆ ಬಂದು ಜೊತೆಗೆ ನಿಂತು ದುಡಿಯುವವರಿಗೆ ಕೈಯಲ್ಲೇ ತೋರಿಸುತ್ತೇನೆ.

ಹೀಗೆ ಹೊಯ್ದ ಮೊದಲ ಚಿಪ್ಪನ್ನು ಹಗ್ಗದಲ್ಲಿ ತೂಗಿಸಿ ತಟ್ಟಿದಾಗ ಗಂಟೆಯಂತೆ ಮೊಳಗಿತು. ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು, ಒರೆಸಿ, ಅಂಚಿಗೆ ಸೀಮೆಸುಣ್ಣ ಬಳಿದು ಒತ್ತಿ ನೋಡಿದೆವು. ಸುಣ್ಣದಲ್ಲಿ ಒದ್ದೆಯ ಗೆರೆ ಎಲ್ಲಿಯೂ ಮೂಡಲಿಲ್ಲ. ಹಿರಿಯರು ಬಂದು ತಾವೇ ಮೂರು ಸಲ ತಟ್ಟಿ ಕೇಳಿದರು, ಏನೂ ಹೇಳಲಿಲ್ಲ, ಮರುದಿನ ತಮ್ಮ ಹಳೆಯ ಸ್ಕ್ರೇಪರ್‌ಗಳ ಪೆಟ್ಟಿಗೆಯನ್ನು ತಂದು ನನ್ನ ಕೈಗಿಟ್ಟರು.

ನಡುವೆ ಒಂದು ಪ್ರಯೋಗವನ್ನೂ ಮಾಡಿದ್ದೆ. ಹೊರಗಿನವರು ಹೊಯ್ದಿದ್ದ ಹಳೆಯ ಲೋಹ ಸುಮ್ಮನೆ ಬಿದ್ದಿತ್ತು. ಹೊಸ ತವರಕ್ಕೆ ಅದನ್ನು ಕಾಲು ಭಾಗದಷ್ಟು ಬೆರೆಸಿದರೆ ಖರ್ಚು ಉಳಿಯುತ್ತದಲ್ಲ ಎಂದು, ಎಂಜಿನ್ನಿಗಲ್ಲ, ನಮ್ಮ ಜಲ್ಲಿ ಸಾಗಿಸುವ ವ್ಯಾಗನ್ನಿನ ಒಂದು ಬಾಕ್ಸ್‌ಗೆ ಹೊಯ್ದೆ. ನೋಡಲು ಚೆನ್ನಾಗಿತ್ತು, ನಾಲ್ಕು ಸಲ ಓಡುವಷ್ಟರಲ್ಲಿ ಲೋಹ ಬೆಣ್ಣೆಯಂತೆ ಒಂದು ಬದಿಗೆ ಸರಿದಿತ್ತು. ತವರ, ಸೀಸ ಎರಡೂ ಕೂಡಿದಾಗ ಅದರ ಒಂದಂಶ 183 ಡಿಗ್ರಿಗೇ ಕರಗಬಲ್ಲದು. ಬಿಸಿಯಾದ ಬೇರಿಂಗ್ ಅಲ್ಲಿಂದಲೇ ಸೋಲಲು ಶುರುವಾಗುತ್ತದೆ. ಅಂದಿನಿಂದ ಸೀಸ ಮುಟ್ಟಿದ ಸೌಟನ್ನು ಕೂಡ ತವರದ ಕಡಾಯಿಯ ಹತ್ತಿರ ಬಿಡುವುದಿಲ್ಲ.

ಇನ್ನು ಉಳಿದದ್ದು, ಬೇರಿಂಗ್ ಜರ್ನಲ್‌ಗೆ ಸರಿಯಾಗಿ ಕೂರುವಂತೆ ಸ್ಕ್ರೇಪರ್‌ನಿಂದ ಕೆರೆಯುವ ಕೆಲಸ. ಜರ್ನಲ್‌ಗೆ ನೀಲಿ ಬಳಿದು, ಕೂರಿಸಿ, ತಿರುಗಿಸಿ, ನೀಲಿ ಹತ್ತಿದ ಕಡೆ ಕೆರೆದು, ನೆತ್ತಿಯಲ್ಲಿ ಶೇಕಡಾ 75ರಷ್ಟು ತಾಗುವವರೆಗೆ ಮಾಡಿದೆವು. ಒಂದೊಂದಕ್ಕೆ ಎರಡೂವರೆ ದಿನ ಹಿಡಿಯಿತು. ಬದಿಗಳನ್ನು ಸ್ವಲ್ಪ ಹೆಚ್ಚೇ ಬಿಡಿಸಬೇಕು, ಬಾಕ್ಸ್ ಜರ್ನಲ್ ಅನ್ನು ಕಚ್ಚಿ ಹಿಡಿಯುವುದು ಅಲ್ಲಿಯೇ. ಜರ್ನಲ್‌ನ ಮೇಲೆ ತುಕ್ಕಿನ ಒಂದು ಗುಳಿ ಉಳಿದರೂ ಅದು ಅರದಂತೆ ಉಜ್ಜುತ್ತದೆ.

ಬೇರಿಂಗ್‌ಗೆ ಎಣ್ಣೆ ಹನಿಸುವ ಬತ್ತಿಗಳ ಮೇಲೆ ನಾನು ಕಳೆದ ಸಮಯವನ್ನು ಕಂಡು ಜೊತೆಯವರಿಗೆ ಬೇಸರ ಬಂದದ್ದುಂಟು. ಉಣ್ಣೆಯ ನೂಲಿನ ಬತ್ತಿಯಲ್ಲಿ ಎಳೆಗಳನ್ನು ಎರಡೆರಡು ಹೆಚ್ಚಿಸುತ್ತ ನಿಮಿಷಕ್ಕೆ ಬೀಳುವ ಹನಿಗಳನ್ನು ಎಣಿಸಿದೆ. ಎಂಟು ಎಳೆಗೆ ಮೂರು ಹನಿ, ಹನ್ನೆರಡಕ್ಕೆ ಐದು, ಅದರ ಮೇಲೆ ಎಳೆಗಳು ಒತ್ತೊತ್ತಾಗಿ ಹನಿ ಕಡಿಮೆಯೇ ಆಯಿತು. ಕೃತಕ ನೂಲು ಎಣ್ಣೆಯನ್ನು ಸರಿಯಾಗಿ ಎಳೆಯಲೇ ಇಲ್ಲ. ಜರ್ನಲ್‌ಗೆ ಕೆಳಗಿನಿಂದ ಎಣ್ಣೆ ಸವರುವ ಪ್ಯಾಡ್‌ಗೆ ಫೆಲ್ಟ್ ಹಾಕಿ ನೋಡಿದೆ, ನೂರು ಕಿಲೋಮೀಟರಿಗೆಲ್ಲ ಮೇಲ್ಮೈ ಗಾಜಿನಂತೆ ನುಣುಪಾಗಿ ಎಣ್ಣೆ ಕೊಡುವುದನ್ನು ನಿಲ್ಲಿಸಿತು, ಉಣ್ಣೆಗೇ ಮರಳಿದೆ.

1938ರ ಜುಲೈ 3ರಂದು ಗಂಟೆಗೆ 126 ಮೈಲಿಯ ದಾಖಲೆ ಮಾಡಿದ ಬ್ರಿಟನ್ನಿನ ಮ್ಯಾಲರ್ಡ್ ಉಗಿ ಎಂಜಿನ್ ಅದೇ ಓಟದಲ್ಲಿ ನಡುವಿನ ಬಿಗ್ ಎಂಡ್‌ನ (ಕನೆಕ್ಟಿಂಗ್ ರಾಡ್‌ನ ಕ್ರ್ಯಾಂಕ್ ಬದಿಯ ಬೇರಿಂಗ್‌ನ) ವೈಟ್ ಮೆಟಲ್ ಕರಗಿಸಿಕೊಂಡಿತು. ಬಿಸಿಯಾದರೆ ಸೋಂಪಿನ ವಾಸನೆ ಹೊರಡಲೆಂದು ಅಲ್ಲಿ ಒಂದು ಸಣ್ಣ ಸೀಸೆಯನ್ನು ಇಟ್ಟಿದ್ದರು. ಗಂಟೆಗೆ 15 ಕಿಲೋಮೀಟರಿನ ನಮ್ಮ ಪರೀಕ್ಷೆಗೆ ಕೈಯೇ ಸಾಕಾಯಿತು. ಎರಡೆರಡು ಕಿಲೋಮೀಟರಿಗೆ ನಿಲ್ಲಿಸಿ ಬಾಕ್ಸ್‌ನ ಮೇಲೆ ಅಂಗೈ ಇಟ್ಟು ಹತ್ತು ಎಣಿಸುವುದು. ಹತ್ತಕ್ಕೆ ಮೊದಲೇ ಕೈ ತೆಗೆಯಬೇಕಾಗಿ ಬಂದರೆ ಓಟ ಅಲ್ಲಿಗೇ ಮುಗಿಯಿತು. ಎಂಟನೆಯ ಕಿಲೋಮೀಟರಿನಲ್ಲಿ ನಾಲ್ವರೂ ಇಳಿದು ಎಡಬದಿಯ ನಡುವಿನ ಬಾಕ್ಸ್‌ನ ಹತ್ತಿರವೇ ಹೋದೆವು. ಕಾದಿರಲಿಲ್ಲ, ಬೆಚ್ಚಗಿತ್ತು. ಇಪ್ಪತ್ತು ಕಿಲೋಮೀಟರ್ ಆದ ಮೇಲೂ ಗಾಳಿಗಿಂತ 20 ಡಿಗ್ರಿಯಷ್ಟು ಹೆಚ್ಚು, ಅಷ್ಟೆ.

ಈಗ ಹಿಂದಿನ ಆಕ್ಸಲ್‌ನ ಬಲಬದಿಯ ಬಾಕ್ಸ್ ಮಾತ್ರ ಉಳಿದ ಐದಕ್ಕಿಂತ ಆರೇಳು ಡಿಗ್ರಿ ಹೆಚ್ಚು ಬಿಸಿಯಾಗಿ ಓಡುತ್ತಿದೆ. ನಾನು ಮೊದಲು ಕೆರೆದದ್ದು ಅದೇ, ಬದಿ ಸಾಲದಷ್ಟು ಬಿಡಿಸಿರಬೇಕು. ಬಾಯ್ಲರ್ ತೊಳೆಯಲು ಎಂಜಿನ್ ನಿಂತಾಗ ಅದನ್ನು ಎತ್ತಿ ನೋಡುವುದೆಂದು ಗೊತ್ತುಮಾಡಿದ್ದೇವೆ; ಇನ್ನೊಂದು ಗುಂಪಿನವರು ಕಳುಹಿಸಿರುವ ಎರಡು ಚಿಪ್ಪುಗಳು ಸದ್ಯ ನಮ್ಮ ಒಲೆಯ ಮೇಲೆ ಎಣ್ಣೆ ಬಿಡುತ್ತಿವೆ, ಅವುಗಳ ಬಟ್ಟೆ ಇನ್ನೂ ಬೆಳ್ಳಗಾಗಿಲ್ಲ.